ಜಮೀನಿನ ಜೊತೆ ಬರೆದ ಹೆಸರುಗಳು

1705ರಲ್ಲಿ ವರ್ಜೀನಿಯಾದ ಶಾಸನಸಭೆ ಗುಲಾಮರನ್ನು ಸ್ಥಿರಾಸ್ತಿ ಎಂದು ಸಾರಿತು. ಕುದುರೆ, ಹಾಸಿಗೆ, ಪಾತ್ರೆಪಗಡೆಗಳ ಸಾಲಿನಿಂದ ತೆಗೆದು ಅವರನ್ನು ಹೊಲಮನೆಗಳ ಸಾಲಿಗೆ ಸೇರಿಸಿತು. ಧಣಿ ಉಯಿಲು ಬರೆಯದೆ ಸತ್ತರೆ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ದುಡಿಯುವ ಜನ ಮಾತ್ರ ಚರಾಸ್ತಿಯ ಲೆಕ್ಕದಲ್ಲಿ ಎಲ್ಲ ಮಕ್ಕಳಿಗೂ ಹಂಚಿಹೋದರೆ ಹೊಗೆಸೊಪ್ಪಿನ ಹೊಲ ಬೀಳು ಬೀಳುತ್ತದೆ ಎಂಬುದು ಶಾಸಕರ ಚಿಂತೆ. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗಲೋ ಅದೇ ಮನುಷ್ಯರು ಮತ್ತೆ ಚರಾಸ್ತಿ! ಒಡೆಯನಿಗೆ ಎರಡು ಕಡೆಯಿಂದಲೂ ಅನುಕೂಲ. ಆ ಕಾನೂನು ಬಿಟ್ಟುಹೋದ ಉಪಕಾರವೆಂದರೆ ಇಷ್ಟೆ: ವರ್ಜೀನಿಯಾದ ಜಮೀನು ಪತ್ರಗಳನ್ನು ತೆರೆದರೆ ಎಕರೆಗಳ ಪಕ್ಕದಲ್ಲೇ ಮನುಷ್ಯರ ಹೆಸರುಗಳು ಸಿಗುತ್ತವೆ. ತಮ್ಮ ವಂಶದಲ್ಲೊಬ್ಬ ಗುಲಾಮರ ಒಡೆಯನಿದ್ದನೇ ಎಂದು ಹುಡುಕುವವರಿಗೂ, ತಮ್ಮ ಪೂರ್ವಜರನ್ನು ಇಟ್ಟುಕೊಂಡಿದ್ದವನು ಯಾರು ಎಂದು ಹುಡುಕುವವರಿಗೂ ಇಂದು ದಾರಿ ತೋರಿಸುವುದು ಈ ಪತ್ರಗಳೇ.

ಈ ಜಾಡು 1705ಕ್ಕಿಂತ ಹಿಂದಕ್ಕೂ ಹೋಗುತ್ತದೆ. 1618ರಿಂದ ವರ್ಜೀನಿಯಾದಲ್ಲಿ ತಲೆಗೆ 50 ಎಕರೆ ಎಂಬ ಪದ್ಧತಿಯಿತ್ತು. ಯಾರ ಹಡಗುವೆಚ್ಚವನ್ನು ನೀವು ಕೊಟ್ಟು ಕರೆಸಿದಿರೋ ಅವರ ಹೆಸರು ತೋರಿಸಿ ಭೂಮಿಯ ಪಟ್ಟಾ ಪಡೆಯಬಹುದಿತ್ತು. ತಂದ ಆಫ್ರಿಕನ್ನರ ಲೆಕ್ಕದಲ್ಲೂ ಜನ ಭೂಮಿ ಪಡೆದರು. 1651ರಲ್ಲಿ ನಾರ್ತಾಂಪ್ಟನ್ ಕೌಂಟಿಯಲ್ಲಿ ಐದು ತಲೆಗಳಿಗೆ 250 ಎಕರೆ ಪಡೆದ ಆಂಥನಿ ಜಾನ್ಸನ್ ಸ್ವತಃ ಆಫ್ರಿಕಾದಿಂದ ಬಂದವನು, ದಾಸ್ಯದಿಂದ ಬಿಡುಗಡೆಯಾದವನು. ಅದೇ ಜಾನ್ಸನ್ 1655ರಲ್ಲಿ ಜಾನ್ ಕೇಸರ್ ಎಂಬ ಕರಿಯನನ್ನು ಜೀವಮಾನವಿಡೀ ತನ್ನವನೆಂದು ನ್ಯಾಯಾಲಯದಲ್ಲಿ ವಾದಿಸಿ ಗೆದ್ದ. ಗುಲಾಮರ ಒಡೆಯ ಎಂದೊಡನೆ ಬಿಳಿಯ ಮುಖವನ್ನೇ ಕಲ್ಪಿಸಿಕೊಂಡು ಹೊರಡುವವರು ಇಲ್ಲಿ ಒಮ್ಮೆ ನಿಲ್ಲಬೇಕು. ಆದರೆ ಜಾನ್ಸನ್ ಸತ್ತ 1670ರಲ್ಲಿ, ಅವನು ಕರಿಯ, ಹಾಗಾಗಿ ಪರದೇಶಿ ಎಂಬ ಕಾರಣ ಕೊಟ್ಟು ವರ್ಜೀನಿಯಾದಲ್ಲಿದ್ದ ಭೂಮಿಯನ್ನು ವಸಾಹತು ಸರ್ಕಾರಕ್ಕೆ ಸೇರಿಸಲಾಯಿತು. ಅಷ್ಟರಲ್ಲಿ ಕುಟುಂಬ ಮೇರಿಲ್ಯಾಂಡಿಗೆ ಹೋಗಿತ್ತು. 1677ರಲ್ಲಿ ಮೊಮ್ಮಗ ಅಲ್ಲಿ ಕೊಂಡ 44 ಎಕರೆ ಜಮೀನಿನ ಹೆಸರು ಪತ್ರದಲ್ಲಿ ದಾಖಲಾಗಿದೆ: ಅಂಗೋಲಾ. ಮನೆತನದ ಮೂಲ ಊರನ್ನು ಸೂಚಿಸುವ ಸಾಕ್ಷ್ಯ ಸಿಕ್ಕಿದ್ದು ಒಂದು ಕ್ರಯದ ದಾಖಲೆಯಲ್ಲಿ.

ಈ ಕಡತಗಳನ್ನು ಮೊದಲು ಕೆದಕಿದವರಿಗೆ ಇಂಥ ವಿಷಯಗಳು ಬೇಕಿರಲಿಲ್ಲ. 1890ರಲ್ಲಿ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಹುಟ್ಟಿತು. ಅದರ ಹಿಂದೆಯೇ ಇನ್ನಷ್ಟು ಕುಲಸಂಘಗಳು ಬಂದವು. ಸದಸ್ಯತ್ವ ಬೇಕಾದರೆ ಪೂರ್ವಜನನ್ನು ಸಾಬೀತುಪಡಿಸಬೇಕು. ಉಯಿಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಅಳಿಯಂದಿರ ಹೆಸರು ಹೆಕ್ಕಿ ನಕಲಿಸಿದ ಈ ಶೋಧಕರು, ಅದೇ ಪುಟದಲ್ಲಿ ಮಗಳಿಗೆ ಬಿಟ್ಟುಹೋದ ಗುಲಾಮ ಹುಡುಗಿಯ ಹೆಸರನ್ನು ಹಾರಿಸಿಬಿಡುತ್ತಿದ್ದರು, ಇಲ್ಲವೇ ‘ಇತರ ಆಸ್ತಿ’ ಎಂದು ಮುಗಿಸುತ್ತಿದ್ದರು. ಹಾಗೆಂದು ಆ ಕಾಲದ ಶ್ರಮವನ್ನೆಲ್ಲ ತಳ್ಳಿಹಾಕಲಾಗದು. ನೆಲ್ ಮೇರಿಯನ್ ನ್ಯೂಜೆಂಟ್ ವರ್ಜೀನಿಯಾದ ಭೂ ಪಟ್ಟಾಗಳ ಸಾರವನ್ನು ಒಂದೊಂದಾಗಿ ಬರೆದು ‘ಕ್ಯಾವಲಿಯರ್ಸ್ ಅಂಡ್ ಪಯೊನಿಯರ್ಸ್’ ಮೊದಲ ಸಂಪುಟವನ್ನು 1934ರಲ್ಲಿ ಹೊರತಂದರು. ಶೀರ್ಷಿಕೆಯಲ್ಲಿ ಶ್ರೀಮಂತರ ಗತ್ತಿದ್ದರೂ ತಲೆ ಲೆಕ್ಕದ ಹೆಸರುಗಳನ್ನು ಅವರು ಬಿಡಲಿಲ್ಲ. ಜಾರ್ಜ್ ಮೆನಫಿ ಎಂಬ ವ್ಯಾಪಾರಿ 1630ರ ದಶಕದಲ್ಲಿ ಪಡೆದ ಭೂಮಿಯ ಲೆಕ್ಕದಲ್ಲಿ ಟೋನಿ ಎಂಬ ‘ಈಸ್ಟ್ ಇಂಡಿಯನ್’ ಇದ್ದಾನೆ. ಅವನು ನಮ್ಮ ಯಾವ ಕರಾವಳಿಯವನೋ, ಪಟ್ಟಾ ಬರೆದವನಿಗೆ ಅದು ಬೇಕಿರಲಿಲ್ಲ. ಬೇಕಿದ್ದದ್ದು 50 ಎಕರೆ.

ಯಾವ ದಾಖಲೆ ಎಷ್ಟು ಮಾತಾಡುತ್ತದೆ ಎಂಬುದನ್ನು ತಿಳಿಯಲು ಜಾರ್ಜ್ ವಾಷಿಂಗ್ಟನ್ನನ ಉದಾಹರಣೆ ಸಾಕು. 1743ರಲ್ಲಿ ತಂದೆ ತೀರಿಕೊಂಡಾಗ 11 ವರ್ಷದ ಹುಡುಗನ ಪಾಲಿಗೆ ಹತ್ತು ಗುಲಾಮರು ಬಂದರು. 1759ರಲ್ಲಿ ಅವನು ಮದುವೆಯಾದ ಮಾರ್ಥಾ ವಿಧವೆ. ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲು ಬರೆಯದೆ ಸತ್ತಿದ್ದರಿಂದ ಕಾನೂನಿನಂತೆ ಮೂರರಲ್ಲೊಂದು ಪಾಲು ಅವಳ ಜೀವಿತಕಾಲಕ್ಕಷ್ಟೇ ಬಂದಿತ್ತು. ವಾಷಿಂಗ್ಟನ್ 1799ರಲ್ಲಿ ಉಯಿಲು ಬರೆದು, ಹೆಂಡತಿಯ ಕಾಲಾನಂತರ ತನ್ನ ಗುಲಾಮರಿಗೆ ಬಿಡುಗಡೆ ಎಂದ. ಉಯಿಲನ್ನಷ್ಟೇ ಓದಿದವರಿಗೆ ಅದು ಔದಾರ್ಯದ ಕಥೆ. ಅದೇ ವರ್ಷ ಅವನು ಮಾಡಿದ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಲೆಕ್ಕ ಬೇರೆಯಾಗುತ್ತದೆ. ಅವನ ಎಸ್ಟೇಟ್ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ ಅವನವರು 123. ಕಸ್ಟಿಸ್ ಪಾಲಿನ 153 ಜನರನ್ನು ಬಿಡಿಸಲು ಅವನಿಗಾಗಲಿ ಮಾರ್ಥಾಗಾಗಲಿ ಹಕ್ಕಿರಲಿಲ್ಲ. ಅವರೆಲ್ಲ ಕಸ್ಟಿಸ್ ವಂಶದ ವಾರಸುದಾರರಿಗೆ ಹೋದರು. ಎರಡು ಪಾಲಿನವರು ಪರಸ್ಪರ ಮದುವೆಯಾಗಿದ್ದರು. ಗಂಡನಿಗೆ ಬಿಡುಗಡೆ, ಹೆಂಡತಿ ಮಕ್ಕಳು ಹಂಚಿಕೆಗೆ. ಏಕೆಂದರೆ ವರ್ಜೀನಿಯಾದ 1662ರ ಕಾಯ್ದೆಯ ಪ್ರಕಾರ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತಿತ್ತು.

ಹೀಗಾಗಿ ಅನುಭವಿ ಶೋಧಕರು ಉಯಿಲನ್ನು ಕೊನೆಯ ಮಾತೆಂದು ನಂಬುವುದಿಲ್ಲ. ಉಯಿಲು ಹೇಳುವುದು ಸಾಯುವವನ ಇಚ್ಛೆಯನ್ನು. ಆಮೇಲೆ ನೆರೆಹೊರೆಯವರು ಬಂದು ಬೆಲೆ ಕಟ್ಟಿದ ಆಸ್ತಿಪಟ್ಟಿ, ಸಾಲ ತೀರಿಸಿದ ಲೆಕ್ಕ, ಪಾಲುಪತ್ರ ಇವುಗಳಲ್ಲಿ ನಿಜವಾಗಿ ನಡೆದದ್ದು ಸಿಗುತ್ತದೆ. ಒಂದೇ ಹೆಸರಿನ ಇಬ್ಬರು ಒಡೆಯರನ್ನು ಬೇರೆ ಮಾಡುವುದು ಜಮೀನಿನ ಚಕ್ಕುಬಂದಿ. ಹಳ್ಳ, ಓಕ್ ಮರ, ಪಕ್ಕದ ಹೊಲದವನ ಹೆಸರು ಹೇಳಿ ಎಲ್ಲೆ ಗುರುತಿಸುತ್ತಿದ್ದ ಆ ಪತ್ರಗಳು ನಮ್ಮ ಹಳೆಯ ಕ್ರಯಪತ್ರ ಓದಿದವರಿಗೆ ಹೊಸದೆನಿಸಲಾರವು.

ಓದುವ ಕಣ್ಣು ಬದಲಾದದ್ದು 1970ರ ದಶಕದಲ್ಲಿ. ಅಲೆಕ್ಸ್ ಹೇಲಿಯ ‘ರೂಟ್ಸ್’ 1976ರಲ್ಲಿ ಬಂತು, ಮರುವರ್ಷ ಟಿ.ವಿ. ಧಾರಾವಾಹಿಯಾಯಿತು. 1977ರಲ್ಲೇ ವಾಷಿಂಗ್ಟನ್ ನಗರದಲ್ಲಿ ಆಫ್ರೋ-ಅಮೆರಿಕನ್ ಚರಿತ್ರೆ ಮತ್ತು ವಂಶಾವಳಿ ಸಂಘ ಆರಂಭವಾಯಿತು. ಗುಲಾಮರ ಸಂತತಿಯವರು ಸಾವಿರಗಟ್ಟಲೆ ದಾಖಲೆ ಕೋಣೆಗಳಿಗೆ ನುಗ್ಗಿದರು. ಬಹುತೇಕರು 1870ರ ಜನಗಣತಿಯ ಬಳಿ ಬಂದು ನಿಂತುಬಿಟ್ಟರು. ಹಿಂದೆ ಗುಲಾಮರಾಗಿದ್ದವರೆಲ್ಲರ ಹೆಸರು ಬಂದದ್ದು ಅದರಲ್ಲೇ ಮೊದಲು. 1850, 1860ರ ಗುಲಾಮರ ಪಟ್ಟಿಗಳಲ್ಲಿರುವುದು ಒಡೆಯನ ಹೆಸರು. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. 1870ರ ಈ ಗೋಡೆ ದಾಟಬೇಕಾದರೆ ಒಡೆಯನ ಉಯಿಲಿನ ಮೂಲಕವೇ ದಾಟಬೇಕು. ಕರಿಯರ ವಂಶಾವಳಿ ಹುಡುಕುವವರು ಬಿಳಿಯರ ವಂಶಾವಳಿಯಲ್ಲಿ ಪರಿಣತರಾದದ್ದು ಹೀಗೆ.

ಹೇಲಿಯ ಪುಸ್ತಕವೇ ಮೊದಲ ದೊಡ್ಡ ಪರೀಕ್ಷೆಗೆ ಸಿಕ್ಕಿತು. ತಮ್ಮ ಆಫ್ರಿಕನ್ ಪೂರ್ವಜ ಕುಂಟಾ ಕಿಂಟೆ 1767ರಲ್ಲಿ ಲಾರ್ಡ್ ಲಿಗೋನಿಯರ್ ಹಡಗಿನಲ್ಲಿ ಬಂದು ಟೋಬಿ ಆದ ಎಂದು ಹೇಲಿ ಬರೆದಿದ್ದರು. ಮರುವರ್ಷ ಒಡೆಯ ಜಾನ್ ವಾಲರ್ ತನ್ನ ಸಹೋದರ ವಿಲಿಯಂಗೆ ಬರೆದುಕೊಟ್ಟ ಪತ್ರದಲ್ಲಿ ಟೋಬಿಯ ಹೆಸರಿರುವುದು ಅವರ ಆಧಾರ. ಶೋಧಕರಾದ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ 1981ರಲ್ಲಿ ವಾಲರ್ ಮನೆತನದ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಹಡಗು ಬರುವ ಮೊದಲೇ ಟೋಬಿ ವಾಲರ್‌ಗಳ ಬಳಿ ಇದ್ದ ಎಂದು ತೋರಿಸಿದರು. ಕೆಲವರಿಗೆ ಇದು ಹೇಲಿಯ ಸೋಲು. ನನಗೆ ಕಾಣುವುದು ಬೇರೆ: ಅಲ್ಲಿಯವರೆಗೆ ಧಣಿಯ ಸೊಸೆ ಯಾರ ಮಗಳು ಎಂದು ನಿರ್ಧರಿಸಲು ಬಳಸುತ್ತಿದ್ದ ಕಠಿಣ ಸಾಕ್ಷ್ಯವಿಧಾನ ಒಬ್ಬ ಗುಲಾಮನ ಬದುಕಿಗೂ ಅನ್ವಯವಾಯಿತು.

ಒಡೆಯರ ಕಡೆಯಿಂದ ಬಾಗಿಲು ತೆರೆದವರು ಎಡ್ವರ್ಡ್ ಬಾಲ್. ಸೌತ್ ಕೆರೊಲಿನಾದ ಕೂಪರ್ ನದಿ ದಂಡೆಯಲ್ಲಿ ಭತ್ತದ ತೋಟಗಳಿದ್ದ ಮನೆತನದವರು. ಮನೆತನದ ಕಾಗದಪತ್ರ ಹಿಡಿದು, ಪೂರ್ವಜರ ಗುಲಾಮರ ಸಂತತಿಯನ್ನು ಹುಡುಕಿ ಭೇಟಿಯಾಗಿ 1998ರಲ್ಲಿ ‘ಸ್ಲೇವ್ಸ್ ಇನ್ ದಿ ಫ್ಯಾಮಿಲಿ’ ಬರೆದರು. 1756ರಲ್ಲಿ ಸಿಯೆರಾ ಲಿಯೋನಿನಿಂದ ತಂದ ಪ್ರಿಸಿಲ್ಲಾ ಎಂಬ ಹತ್ತು ವರ್ಷದ ಹುಡುಗಿಯ ಎಳೆ ಇಂದಿನ ತಲೆಮಾರಿನವರೆಗೆ ಸಿಕ್ಕಿತು. ಬಾಲ್ ಬಂಧುಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಸಹಜವೇ. ಇತ್ತ ಲೂಸಿಯಾನಾದಲ್ಲಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಫ್ರೆಂಚ್, ಸ್ಪ್ಯಾನಿಷ್ ನೋಟರಿ ದಾಖಲೆಗಳನ್ನು ಸೋಸಿ, 1719ರಿಂದ 1820ರವರೆಗಿನ ಸುಮಾರು ಒಂದು ಲಕ್ಷ ಗುಲಾಮರ ವಿವರಗಳನ್ನು 2000ದಲ್ಲಿ ಸಿ.ಡಿ.ಯಲ್ಲಿ ಕೊಟ್ಟರು. ಒಂದು ಮನೆತನದ ಕಥೆಯಿಂದ ಇಡೀ ಪ್ರಾಂತ್ಯದ ಲೆಕ್ಕಕ್ಕೆ ಕ್ಷೇತ್ರ ಜಿಗಿದದ್ದು ಆಗ.

ಬ್ರಿಟನ್ನಿನಲ್ಲಿ ಕೆಲಸ ಇನ್ನೂ ಸುಲಭ. ಒಡೆಯರು ತಾವೇ ಅರ್ಜಿ ಹಾಕಿ ಹೆಸರು ಬರೆಸಿಕೊಂಡಿದ್ದರು. 1833ರ ವಿಮೋಚನಾ ಕಾಯ್ದೆ ಗುಲಾಮರಿಗೆ ಬಿಡಿಗಾಸು ಕೊಡದೆ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಕ್ಯಾಥರಿನ್ ಹಾಲ್, ನಿಕ್ ಡ್ರೇಪರ್ ಮತ್ತು ಸಂಗಡಿಗರು 2009ರಿಂದ ಈ ಸುಮಾರು 46,000 ಅರ್ಜಿಗಳನ್ನು ಬಿಡಿಸಿಟ್ಟರು. ವೆಸ್ಟ್ ಇಂಡೀಸನ್ನೇ ನೋಡದ ಪಾದ್ರಿಗಳು, ವಿಧವೆಯರು ಅದರಲ್ಲಿದ್ದಾರೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿದ್ದರು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಲಗಳಲ್ಲಿ ಗುಲಾಮರು ದುಡಿಯುವುದನ್ನು ಬರೆದಿದ್ದಾನೆ. ನಮ್ಮಲ್ಲಿ ಬಂದ 1843ರ ಕಾಯ್ದೆ, ಗುಲಾಮಗಿರಿಯ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದು ಎಂದಿತೇ ಹೊರತು ಪರಿಹಾರ ಕೊಡಲಿಲ್ಲ. ಪರಿಹಾರವಿಲ್ಲ, ಹಾಗಾಗಿ ಅರ್ಜಿಯಿಲ್ಲ, ಪಟ್ಟಿಯೂ ಇಲ್ಲ. ಕೆನರಾದ ಭೂಮಾಲೀಕರ ವಂಶಸ್ಥರು ಲಂಡನ್ನಿನ ಆ ಸಂಗ್ರಹದಲ್ಲಿ ಅಜ್ಜನ ಹೆಸರಿಗಾಗಿ ಹೆದರಬೇಕಿಲ್ಲ.

ಈಚೆಗೆ ಡಿಎನ್‌ಎ ಪರೀಕ್ಷೆ ಕೈಗೆ ಬಂದಿದೆ. 1640ರಲ್ಲಿ ಜೀವಮಾನದ ದಾಸ್ಯಕ್ಕೆ ಗುರಿಯಾದ ವರ್ಜೀನಿಯಾದ ಆಫ್ರಿಕನ್ ಆಳು ಜಾನ್ ಪಂಚ್, ಬರಾಕ್ ಒಬಾಮರ ತಾಯಿಯ ಕಡೆಯ ಪೂರ್ವಜನಿರಬಹುದು ಎಂದು 2012ರಲ್ಲಿ ಆನ್ಸೆಸ್ಟ್ರಿ ಸಂಸ್ಥೆಯ ಶೋಧಕರು ಡಿಎನ್‌ಎ ಮತ್ತು ಜಮೀನು ದಾಖಲೆ ಎರಡನ್ನೂ ಜೋಡಿಸಿ ಹೇಳಿದರು. ಅಂಥ ಜೋಡಣೆಗಳಲ್ಲಿ ‘ಇರಬಹುದು’ ಉಳಿಯಲು ದೊಡ್ಡ ಕಾರಣ ಬೆಂಕಿ. ಅಂತರ್ಯುದ್ಧದಲ್ಲಿ ಸುರಕ್ಷಿತವಾಗಿರಲೆಂದು ವರ್ಜೀನಿಯಾದ ಹಲವು ಕೌಂಟಿಗಳು ಕಡತಗಳನ್ನು ರಿಚ್ಮಂಡ್‌ಗೆ ಕಳಿಸಿದ್ದವು. 1865ರ ಏಪ್ರಿಲ್‌ನಲ್ಲಿ ಅವು ನಗರದೊಂದಿಗೇ ಸುಟ್ಟವು. ಅಂಥ ಕೌಂಟಿಗಳಲ್ಲಿ ಉಯಿಲೂ ಇಲ್ಲ, ಪತ್ರವೂ ಇಲ್ಲ. ಅಲ್ಲಿಯ ಶೋಧಕರು ನೇರವಾಗಿ 1782ರಿಂದ ಶುರುವಾದ ತೆರಿಗೆ ಪಟ್ಟಿಗಳಿಗೆ ಹೋಗುತ್ತಾರೆ. ರಾಜ್ಯ ಸರ್ಕಾರಕ್ಕೂ ಒಂದು ಪ್ರತಿ ಕಳಿಸಬೇಕಿದ್ದರಿಂದ ಅವು ಉಳಿದಿವೆ. ಮೊದಲ ಕೆಲವು ವರ್ಷಗಳಲ್ಲಿ ಕೆಲವು ಕೌಂಟಿಗಳ ತೆರಿಗೆ ಗುಮಾಸ್ತರು ಒಡೆಯನ ಕೆಳಗೆ ಬರೀ ತಲೆಲೆಕ್ಕ ಬರೆಯದೆ ಗುಲಾಮರ ಹೆಸರುಗಳನ್ನೂ ಬರೆದಿದ್ದಾರೆ. ಉಯಿಲು ಸುಟ್ಟುಹೋದ ಒಡೆಯನ ಮನೆಯಲ್ಲಿ ಯಾರಿದ್ದರು ಎಂಬುದಕ್ಕೆ ಎಷ್ಟೋ ಕಡೆ ಆ ಪಟ್ಟಿಯೊಂದೇ ಆಧಾರ.