ದಿಕ್ಕಿಗಿಂತ ಮೊದಲು ನೀರು

ನಾನು ಅಂಕೋಲೆ ಕಡೆಯವನು, ಗೋವಾದ ಡಿಚೋಲಿಯಲ್ಲಿ ಚಿರೆಕಲ್ಲಿನ ಮನೆ ಕಟ್ಟಿಸುವ ಮೇಸ್ತ್ರಿ. ಮೊದಲೆಲ್ಲ ಮನೆ ಕಟ್ಟಿಸುವವರು ಬಾವಿ ಎಲ್ಲಿ ತೋಡುವುದೆಂದು ಭಟ್ಟರನ್ನು ಕೇಳಿ ಬರುತ್ತಿದ್ದರು. ಈಗ ಮೊಬೈಲಿನಲ್ಲಿ ಫೆಂಗ್ ಶುಯಿ ನೋಡಿ ಬಂದು, ಹೊಳೆ ಮನೆಯ ಹಿಂದಿದ್ದರೆ ದುಡ್ಡು ಹರಿದುಹೋಗುತ್ತದೆಯೇ ಎನ್ನುತ್ತಾರೆ. ಗಾಳಿ ಚದುರಿಸುವ ಪ್ರಾಣಶಕ್ತಿಯನ್ನು ನೀರು ತಡೆದು ನಿಲ್ಲಿಸುತ್ತದೆ ಎಂಬುದು ಚೀನೀಯರ ಹಳೆಯ ನಂಬಿಕೆ. ನಮ್ಮಲ್ಲೂ ಇಂಥದ್ದು ಕಡಿಮೆಯೇನಿಲ್ಲ. 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಮನೆಯ ಯಾವ ದಿಕ್ಕಿಗೆ ನೀರಿದ್ದರೆ ಏನು ಫಲ ಎಂದು ಹೇಳಿಟ್ಟಿದ್ದಾನೆ: ಉತ್ತರಕ್ಕಿದ್ದರೆ ಸಂಪತ್ತು, ಈಶಾನ್ಯಕ್ಕಿದ್ದರೆ ಸಂತಾನ, ದಕ್ಷಿಣಕ್ಕಿದ್ದರೆ ಶತ್ರುಭಯ, ನೈರುತ್ಯಕ್ಕಿದ್ದರೆ ಹೆಂಗಸರ ಜಗಳ.

ಈ ಲೆಕ್ಕಕ್ಕೆ ಒಗ್ಗದ ಮನೆಯೊಂದು ನಮ್ಮ ತಾಲೂಕಿನಲ್ಲೇ ಇದೆ, ಅದೂ ದೇವರ ಮನೆ. ನಾರ್ವೆ ಊರಿನ ಸಪ್ತಕೋಟೇಶ್ವರ ಗೋವಾ ಕದಂಬರ ಕುಲದೇವರು. ಹಲಸಿಯನ್ನೂ ಆಳಿದ ಆ ಅರಸರು ತಮ್ಮ ಚಿನ್ನದ ನಾಣ್ಯಗಳ ಮೇಲೆ ಈ ದೇವರ ವರಪ್ರಸಾದ ಪಡೆದವರೆಂದು ಬರೆಸಿಕೊಂಡರು. ಆಗ ಗುಡಿ ಇದ್ದದ್ದು ಮಾಂಡವಿ ಹೊಳೆಯ ನಡುವಿನ ದಿವಾಡಿ ದ್ವೀಪದಲ್ಲಿ, ಕೋಟಿತೀರ್ಥದ ಕೆರೆಯ ಬಳಿ. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಕೆಡವಿತು; ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಲಿಂಗವನ್ನು ಬಾವಿಯಿಂದ ನೀರೆತ್ತುವ ದಿಂಡಾಗಿ ಬಳಸಿದ್ದರಂತೆ, ಭಕ್ತರು ಗುಟ್ಟಾಗಿ ಬಿಡಿಸಿ ಹೊಳೆ ದಾಟಿಸಿದರಂತೆ. ಇಲ್ಲಿಯವರು ಇವತ್ತಿಗೂ ಹಾಗೇ ಹೇಳುತ್ತಾರೆ.

ದಾಟಿ ಬಂದದ್ದೆಲ್ಲಿಗೆ? ನಾರ್ವೆಗೆ. ಅಲ್ಲಿಂದ ನೋಡಿದರೆ ಹೊಳೆಯೂ ದಿವಾಡಿಯೂ ನೈರುತ್ಯದ ಕಡೆಗೆ. ವರಾಹಮಿಹಿರನ ಮಾತಿನಂತೆ ಅಶುಭದ ಜಾಗ. ಆದರೆ ಆಚೆ ದಡ ಪೋರ್ಚುಗೀಸರದು, ಈಚೆ ದಡ ಬಿಜಾಪುರದ ಆದಿಲಶಾಹಿಯದು. ಶತ್ರುವನ್ನು ದೂರವಿಟ್ಟದ್ದು ಆ ನೀರೇ. 1668ರಲ್ಲಿ ಶಿವಾಜಿ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದ. ಪೋರ್ಚುಗೀಸರು ಡಿಚೋಲಿಯನ್ನು ವಶಪಡಿಸಿಕೊಂಡದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ. ಆ ಹೊತ್ತಿಗೆ ಗುಡಿ ಒಡೆಯುವ ಹುರುಪು ಅವರಲ್ಲಿ ಉಳಿದಿರಲಿಲ್ಲ. ಗುಡಿ ಇವತ್ತಿಗೂ ಅಲ್ಲೇ ಇದೆ, ದಿವಾಡಿಗೆ ಫೆರಿಯೂ ಓಡುತ್ತದೆ.

ಇನ್ನು ನಮ್ಮ ತಾಲೂಕಿನದೇ ಶಿರಗಾಂವ. ಕೆಂಡ ಹಾಯುವ ಲೈರಾಯಿ ದೇವಿಯ ಜಾತ್ರೆಯ ಊರು. ಅಲ್ಲಿ ಶಾಸ್ತ್ರ ನೋಡಿಯೇ ತೋಡಿಸಿದ ಬಾವಿಗಳೂ ಬತ್ತಿದವು. ಕಬ್ಬಿಣದ ಅದಿರಿಗಾಗಿ ಅಂತರ್ಜಲದ ಮಟ್ಟಕ್ಕಿಂತ ಆಳಕ್ಕೆ ಗುಂಡಿ ತೋಡಿ, ತುಂಬಿದ ನೀರನ್ನು ಪಂಪು ಹಚ್ಚಿ ಹೊರಹಾಕಿದರೆ ಸುತ್ತಲಿನ ನೀರೆಲ್ಲ ಆ ಗುಂಡಿಯತ್ತಲೇ ಜಾರುತ್ತದೆ. ಚಿರೆಕಲ್ಲು ತೂತುತೂತಿನ ಕಲ್ಲು, ಮಳೆ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟೂ ಕೊಡುತ್ತದೆ. 2012ರಲ್ಲಿ ಗಣಿಗಳು ನಿಂತವು. ಗಣಿ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ, ಆ ದುಡ್ಡಿನಲ್ಲೇ ನಾನೂ ಹಲವು ಮನೆ ಕಟ್ಟಿದ್ದೇನೆ. ಆದರೆ ಬತ್ತಿದ ಬಾವಿ ಈಶಾನ್ಯದಲ್ಲಿದ್ದರೇನು, ನೈರುತ್ಯದಲ್ಲಿದ್ದರೇನು?

ವರಾಹಮಿಹಿರನ ಮೇಲೆ ನನಗೆ ಸಿಟ್ಟಿಲ್ಲ. ಅದೇ ಪುಸ್ತಕದಲ್ಲಿ ಅಂತರ್ಜಲ ಪತ್ತೆಹಚ್ಚುವ ಅಧ್ಯಾಯವೊಂದಿದೆ. ನೇರಳೆ ಮರದ ಮೂಡಣಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಆ ಮರದ ತೆಂಕಣ ಪಕ್ಕದಲ್ಲಿ ಎರಡಾಳು ಆಳಕ್ಕೆ ಸಿಹಿನೀರು ಎನ್ನುತ್ತಾನೆ. ಅದು ಮಣ್ಣು, ಮರ, ಹುತ್ತ ನೋಡಿದವನ ಮಾತು. ಜನ ಅದನ್ನು ಬಿಟ್ಟು ಫಲದ ಪಟ್ಟಿಯನ್ನಷ್ಟೇ ಹಿಡಿದುಕೊಂಡರು.

ಡಿಚೋಲಿ ಹೊಳೆಗೆ ಭರತದ ನೀರು ಏರಿ ಬರುತ್ತದೆ. ಜುಲೈಯ ಜಡಿಮಳೆಯೂ ದೊಡ್ಡ ಭರತವೂ ಒಂದೇ ಹೊತ್ತಿಗೆ ಬಂದರೆ ಹೊಳೆ ನೀರಿಗೆ ಇಳಿಯಲು ದಾರಿಯೇ ಇಲ್ಲ, ಪೇಟೆಗೆ ನುಗ್ಗುತ್ತದೆ. ಹಾಗಾಗಿ ಯಾರೇ ಕೇಳಿದರೂ ನನ್ನದು ಎರಡೇ ಪ್ರಶ್ನೆ. ಹಿಂದಿನ ನೆರೆಯಲ್ಲಿ ಪಕ್ಕದ ಮನೆಯ ಗೋಡೆಗೆ ನೀರು ಎಲ್ಲಿಯವರೆಗೆ ಬಂದಿತ್ತು? ಮೇ ತಿಂಗಳಲ್ಲಿ ಅವರ ಬಾವಿಗೆ ಹಗ್ಗ ಎಷ್ಟು ಮಾರು ಇಳಿಯುತ್ತದೆ? ಪಾಯದ ಎತ್ತರ ಮೊದಲನೆಯದರಿಂದ ಗೊತ್ತಾಗುತ್ತದೆ, ಬಾವಿಯ ಖರ್ಚು ಎರಡನೆಯದರಿಂದ. ಆಮೇಲೆ ಬೇಕಾದರೆ ಭಟ್ಟರನ್ನು ಕರೆಸಲಿ, ಅವರು ತೋರಿಸಿದ ಕಡೆಗೇ ಬಾಗಿಲು ಇಡುತ್ತೇನೆ.