ಪರಂಗಿಯವರ ಅಡಿಗೆ, ಪರರು ಬರೆದ ಮುಖ

ಡಬ್ಬಿಯೊಳಗಿನ ಪದಾರ್ಥ ತಿಂಗಳೊಳಗೆ ಮುಗಿದುಹೋಗುತ್ತದೆ; ಡಬ್ಬಿಯ ಮೇಲಿನ ಚಿತ್ರ ಮಾತ್ರ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದು ಜನವರ್ಗದ ಬಗ್ಗೆ ಲೋಕಕ್ಕಿರುವ ತಿಳಿವಳಿಕೆ ಎಷ್ಟೋ ವೇಳೆ ಇಂಥ ಚಿತ್ರಗಳಿಂದಲೇ ಬಂದದ್ದು. ಕೊಚ್ಚಿಯ ಆಂಗ್ಲೋ-ಇಂಡಿಯನ್ನರ ಕಥೆಯನ್ನು ಈ ದೃಷ್ಟಿಯಿಂದ ನೋಡುವುದು, ಹುಟ್ಟೂರು ಬಿಟ್ಟು ಬಂದ ನಮ್ಮಂಥ ಕನ್ನಡಿಗರಿಗೆ ಪ್ರಯೋಜನಕರವೆಂದು ತೋರುತ್ತದೆ.

ಪೋರ್ಚುಗೀಸರ ಹಡಗುಗಳು ಕೊಚ್ಚಿಗೆ ಬಂದದ್ದು 1500ರಲ್ಲಿ. 1503ರಲ್ಲಿ ಅವರ ಕೋಟೆ ಎದ್ದಿತು. 1663ರಲ್ಲಿ ಡಚ್ಚರು ಅದನ್ನು ಗೆದ್ದರು. 1795ರಲ್ಲಿ ಅದು ಇಂಗ್ಲಿಷರ ಕೈಸೇರಿತು. ದೊರೆಗಳು ಬದಲಾದರೂ, ಅವರ ಸಿಪಾಯಿಗಳೂ ವ್ಯಾಪಾರಿಗಳೂ ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಹೂಡಿದ ಸಂಸಾರಗಳು ಇಲ್ಲಿಯೇ ಉಳಿದುವು. ನಮ್ಮ ಸಂವಿಧಾನದ 366ನೆಯ ಅನುಚ್ಛೇದ ಆಂಗ್ಲೋ-ಇಂಡಿಯನ್ ಎಂಬ ಪದಕ್ಕೆ ಅರ್ಥ ಹೇಳುವಾಗ ತಂದೆಯ ಕಡೆಯ ಯೂರೋಪಿಯನ್ ಮೂಲವನ್ನಷ್ಟೇ ಗಣನೆಗೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಹೆಸರಿನಲ್ಲಿ 'ಆಂಗ್ಲೋ' ಇದ್ದರೂ ಕೇರಳದ ಈ ಕುಟುಂಬಗಳಲ್ಲಿ ಬಹುಪಾಲು ಪೋರ್ಚುಗೀಸ್ ಇಲ್ಲವೆ ಡಚ್ ಸಂತತಿಯವು. ಅಡಿಗೆ ಕಲಿಸಿದ ತಾಯಂದಿರ ಕಡೆಯ ವಂಶ ಕಾನೂನಿನ ಲೆಕ್ಕಕ್ಕೆ ಬರಲಿಲ್ಲ.

ಈ ಸಂಪರ್ಕದಿಂದ ನಮ್ಮೆಲ್ಲರ ಅಡಿಗೆಮನೆಗೆ ಬಂದದ್ದು ಸ್ವಲ್ಪವಲ್ಲ. ಮೆಣಸಿನಕಾಯಿ, ಗೋಡಂಬಿ, ಅನಾನಸ್, ಪರಂಗಿ ಹಣ್ಣು ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಪೋರ್ಚುಗೀಸರು ಬರುವುದಕ್ಕೆ ಮುಂಚೆ ನಮ್ಮ ಸಾರಿನ ಖಾರ ಬಹುಮಟ್ಟಿಗೆ ಕರಿಮೆಣಸಿನದು. ವಿಂದಾಲು ಎಂಬ ಮಾಂಸದ ಅಡಿಗೆಯ ಹೆಸರಿನಲ್ಲಿರುವುದು ಆಲೂಗಡ್ಡೆಯಲ್ಲ. ದ್ರಾಕ್ಷಾರಸಕ್ಕೂ ಬೆಳ್ಳುಳ್ಳಿಗೂ ಪೋರ್ಚುಗೀಸರು ಹೇಳುವ ಮಾತುಗಳು ಕೂಡಿ ಆದ ಹೆಸರದು. ಹುಳಿಯಲ್ಲಿ ನೆನೆಸಿಟ್ಟ ಮಾಂಸ ಬೇಗ ಕೆಡದು, ಏಕೆಂದರೆ ಆಮ್ಲದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಸಮುದ್ರಯಾನದ ಈ ಉಪಾಯಕ್ಕೆ ಇಲ್ಲಿಯ ಹೆಂಗಸರು ಕಳ್ಳಿನಿಂದಾದ ಹುಳಿಯನ್ನೂ ಮಲೆಯಾಳದ ಸಾಂಬಾರ ಪದಾರ್ಥಗಳನ್ನೂ ಸೇರಿಸಿದರು. ಹೀಗೆ ಅದು ಲಿಸ್ಬನ್ನಿನದಾಗದೆ ಇಲ್ಲಿಯದಾಯಿತು.

ಊಟವನ್ನು ಒಪ್ಪಿಕೊಂಡವರು ಉಣಬಡಿಸಿದವರನ್ನು ಒಪ್ಪಿಕೊಂಡರೇ? 'ಪರಂಗಿ' ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಅದು ಹಣ್ಣು. ಮಲೆಯಾಳದಲ್ಲಿ ಗೋಡಂಬಿಯ ಮರ 'ಪರಂಗಿಮಾವು'. ಅದೇ ಮಾತು ಒಂದು ಗುಪ್ತರೋಗಕ್ಕೂ ಅಂಟಿಕೊಂಡಿತು. 16ನೆಯ ಶತಮಾನದ 'ಭಾವಪ್ರಕಾಶ' ವೈದ್ಯಗ್ರಂಥ ಅದನ್ನು ಫಿರಂಗ ರೋಗವೆಂದಿದೆ. ಇಂಗ್ಲಿಷರ ಕಾಲದಲ್ಲಿ ಮಿಶ್ರ ಸಂತಾನದವರನ್ನು 'ಎಂಟಾಣೆ' ಎಂದೂ 'ಕಚ್ಚಾ ಬಚ್ಚಾ' ಎಂದೂ ಹೀಯಾಳಿಸುತ್ತಿದ್ದರು. ಮನುಷ್ಯನನ್ನು ಅರೆಬೆಂದ ತಿನಿಸಿನಂತೆ ಕಾಣುವ ಮಾತು ಇದು!

ಇನ್ನು ಜಾಹೀರಾತು. 1876ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ 'ಕ್ಯಾಂಪ್ ಕಾಫಿ' ಎಂಬ ಚಿಕೋರಿ ಬೆರೆತ ಕಾಫಿ ಪಾಕದ ಸೀಸೆಯ ಮೇಲೆ ಗುಡಾರದ ಮುಂದೆ ಕುಳಿತ ಸ್ಕಾಟ್ ಸೈನಿಕ, ಅವನ ಬಳಿ ತಟ್ಟೆ ಹಿಡಿದು ನಿಂತ ಸಿಖ್ ಸೇವಕ. ಕಾಲಾಂತರದಲ್ಲಿ ತಟ್ಟೆ ಮಾಯವಾಯಿತು. ಈ ಶತಮಾನದಲ್ಲಿ ಸಿಖ್ಖನೂ ಸರಿಸಮನಾಗಿ ಕುಳಿತು ಕಾಫಿ ಕುಡಿಯುವಂತಾಯಿತು. ಅಮೆರಿಕದಲ್ಲಿ 1889ರಲ್ಲಿ ಆರಂಭವಾದ 'ಆಂಟ್ ಜೆಮೈಮಾ' ದೋಸೆಹಿಟ್ಟಿನ ಮೇಲೆ, ಗುಲಾಮಗಿರಿಯಲ್ಲೂ ನಗುತ್ತಲೇ ಇರುವ ನೀಗ್ರೋ ಅಡಿಗೆಯವಳ ಚಿತ್ರವಿತ್ತು. ಆ ಹೆಸರು ಹೋದದ್ದು 2021ರಲ್ಲಿ. 1944ರಲ್ಲಿ ಯುನೈಟೆಡ್ ಫ್ರೂಟ್ ಕಂಪೆನಿ ಹಣ್ಣಿನ ಟೋಪಿ ತೊಟ್ಟು ಹಾಡಿ ಕುಣಿಯುವ 'ಚಿಕೀಟಾ' ಎಂಬ ಬಾಳೆಹಣ್ಣನ್ನು ತಂದಿತು. ಯೂರೋಪು, ಆಫ್ರಿಕ, ಮೂಲನಿವಾಸಿ ಎಲ್ಲ ಬೆರೆತ ಲ್ಯಾಟಿನ್ ಅಮೆರಿಕದ ಹೆಣ್ಣು ಆ ಚಿತ್ರದಲ್ಲಿ ಒಂದು ಹಣ್ಣಾಗಿಬಿಟ್ಟಳು. ತೋಟಗಳಲ್ಲಿ ಗೊನೆ ಹೊತ್ತ ಬೆನ್ನುಗಳು ಅಲ್ಲಿ ಕಾಣಲಿಲ್ಲ.

ಕ್ಯಾಂಪ್ ಕಾಫಿಯ ಚಿತ್ರದಲ್ಲಿ ದೊರೆಯಿದ್ದಾನೆ, ಸೇವಕನಿದ್ದಾನೆ. ರೈಲು ಓಡಿಸಿದ, ತಂತಿ ಕಳಿಸಿದ ಆಂಗ್ಲೋ-ಇಂಡಿಯನ್ನನಿಗೆ ಜಾಗವಿಲ್ಲ. ಆ ಖಾಲಿ ಜಾಗವನ್ನು ಮುಂದೆ ಸಿನಿಮಾ ತುಂಬಿತು. ಗೌನು ತೊಡುವ ಮಿಶ್ರ ಕುಲದ ಹೆಣ್ಣನ್ನು ಮಲೆಯಾಳದಲ್ಲಿ ಹಗುರವಾಗಿ ಕರೆಯುತ್ತಿದ್ದ ಹೆಸರೇ 1974ರ 'ಚಟ್ಟಕ್ಕಾರಿ' ಚಿತ್ರದ ಹೆಸರಾಯಿತು. ಸೇತುಮಾಧವನ್ ನಿರ್ದೇಶಿಸಿದ ಅದೇ ಕಥೆ 1975ರಲ್ಲಿ ಹಿಂದಿಯ 'ಜೂಲಿ'ಯಾಯಿತು. ಎರಡರಲ್ಲೂ ಕನ್ನಡಿಗರಿಗೆ ಪರಿಚಿತರಾದ ಲಕ್ಷ್ಮಿಯವರೇ ನಾಯಕಿ. ಚಿತ್ರಕ್ಕೆ ಆ ಹುಡುಗಿಯ ಬಗ್ಗೆ ಕನಿಕರವಿದೆ. ಆದರೆ ಗೌನು, ಗಾಜಿನ ಲೋಟ, ಕುಡುಕ ಎಂಜಿನ್ ಡ್ರೈವರ್ ತಂದೆ ಇವೇ ಜನರ ನೆನಪಿನಲ್ಲಿ ನಿಂತುವು. ಇಂದು ಪ್ರವಾಸಿಗಳಿಗೆ ಕೋಟೆ ಕೊಚ್ಚಿಯ ಊಟವನ್ನು ಬಣ್ಣಿಸುವಾಗ ಪೋರ್ಚುಗೀಸ್ ರುಚಿ, ಡಚ್ ರುಚಿ ಎನ್ನುವುದು ಸುಲಭ. ವೈಪಿನ್ ದ್ವೀಪದ ಅಜ್ಜಿ ಅರೆದ ಮಸಾಲೆಗೆ ಹೆಸರಿಲ್ಲ.

ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವ ದಾರಿಗಳೂ ಕಿರಿದಾಗಿವೆ. ಕೊಚ್ಚಿಯ ಮಿಶ್ರ ಪೋರ್ಚುಗೀಸ್ ಭಾಷೆಯನ್ನು ಸರಾಗವಾಗಿ ಆಡಬಲ್ಲ ಕೊನೆಯವರೆಂದು ಹೆಸರಾದ ವಿಲಿಯಂ ರೊಜಾರಿಯೊ 2010ರಲ್ಲಿ ತೀರಿಕೊಂಡರು. ತಿರುವನಂತಪುರದ ವಿಧಾನಸಭೆಯಲ್ಲಿ ಚುನಾಯಿತರು 140, ಆಂಗ್ಲೋ-ಇಂಡಿಯನ್ ನಾಮಕರಣ ಸದಸ್ಯರು ಒಬ್ಬರು ಎಂಬ ಏರ್ಪಾಟಿತ್ತು. 104ನೆಯ ತಿದ್ದುಪಡಿಯ ಬಳಿಕ, 2020ರ ಜನವರಿಯಿಂದ ಆ ನಾಮಕರಣ ನಿಂತಿದೆ. ಸಭೆಯಲ್ಲಿ ಕುರ್ಚಿ ಹೋಗಿ, ಭಾಷೆ ಅಳಿದು, ಬೇರೆಯವರು ಬರೆದ ಚಿತ್ರವೊಂದೇ ಉಳಿದರೆ ಆ ಜನರ ಪರವಾಗಿ ಮಾತಾಡುವವರು ಯಾರು?

ಇದು ಅನ್ಯರ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ಊರೂರಿನಲ್ಲಿ ಕನ್ನಡಿಗನೆಂದರೆ ಉಡುಪಿ ಹೋಟೆಲು, ಜುಟ್ಟು ಬಿಟ್ಟ ಭಟ್ಟರು ಎಂಬ ಚಿತ್ರ ನಮಗೂ ಅಂಟಿದೆ. ಅದು ಪ್ರೀತಿಯ ಚಿತ್ರವಾದ್ದರಿಂದ ನಾವು ನಕ್ಕು ಸುಮ್ಮನಾಗುತ್ತೇವೆ. ನಮ್ಮ ಮನೆಗಳಲ್ಲೂ ಕನ್ನಡ-ಮಲೆಯಾಳ ಮದುವೆಗಳಾಗುತ್ತಿವೆ, ಮಕ್ಕಳು ಎರಡು ಭಾಷೆಯಲ್ಲಿ ಅಳುತ್ತವೆ, ನಗುತ್ತವೆ. ಅಂಥ ಮಗುವನ್ನು ಸಂಘದ ಸಮಾರಂಭದಲ್ಲಿ 'ಅರ್ಧ ಕನ್ನಡ' ಎಂದು ನಾವೇ ಪರಿಚಯಿಸಿದರೆ, ಅದಕ್ಕೂ ಆ ಹಳೆಯ 'ಎಂಟಾಣೆ'ಗೂ ವ್ಯತ್ಯಾಸವೇನು? ಸಾರಿಗೆ ಹಾಕಿದ ಮೆಣಸಿನಕಾಯಿಯನ್ನು ಯಾವ ದೇಶದ್ದೆಂದು ನಾವು ಕೇಳುವುದಿಲ್ಲ. ಮಕ್ಕಳನ್ನೂ ಪೂರ್ತಿ ನಮ್ಮವರೆಂದೇ ಕರೆಯೋಣ.