ಕೋಟೆಯೂರುಗಳಲ್ಲಿ ಒಂದು ರಾತ್ರಿ

ಕಿತ್ತೂರಿನ ಕೋಟೆ ನೋಡಲು ಬಂದವರಲ್ಲಿ ಬಹುಪಾಲು ಜನ ಎರಡು ತಾಸಿನೊಳಗೆ ಹೊರಟುಬಿಡುತ್ತಾರೆ. ಹೆದ್ದಾರಿ ಊರಿನ ಮಗ್ಗುಲಲ್ಲೇ ಇದೆ. ಧಾರವಾಡ ಸುಮಾರು 30 ಕಿಲೋಮೀಟರ್, ಬೆಳಗಾವಿ 50ರ ಆಸುಪಾಸು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ಮುಂದಿನ ಬಸ್ಸು ಹಿಡಿಯುತ್ತಾರೆ. ಸವದತ್ತಿ ಎಂದರೆ ಎಲ್ಲಮ್ಮನ ಗುಡ್ಡ, ಊರೊಳಗಿನ ಕೋಟೆಯತ್ತ ತಿರುಗುವವರು ಕಡಿಮೆ. ರಾಮದುರ್ಗದ ತನಕ ಹೋಗುವವರು ಇನ್ನೂ ಕಡಿಮೆ. ನಾಲ್ಕೂ ಕೋಟೆಯ ಆಸರೆಯಲ್ಲಿ ಬೆಳೆದ ಊರುಗಳು. ನಾಲ್ಕನ್ನೂ ನಾವು ಹಗಲಿನಲ್ಲಷ್ಟೇ ನೋಡುತ್ತೇವೆ.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ವಿದ್ಯಾರ್ಥಿಯೊಬ್ಬರು ಇಲ್ಲಿ ನಾಲ್ಕು ದಿನ ಇದ್ದು ನೋಡಬೇಕೆಂದುಕೊಂಡರೆ ಮೊದಲು ಎದುರಾಗುವ ಪ್ರಶ್ನೆ ಶಾಸನದ್ದಲ್ಲ, ದಫ್ತರದ್ದೂ ಅಲ್ಲ: ರಾತ್ರಿ ಮಲಗುವುದೆಲ್ಲಿ? ಇದು ಪ್ರವಾಸದ ಚಿಲ್ಲರೆ ಲೆಕ್ಕದಂತೆ ಕಾಣುತ್ತದೆ. ಆದರೆ ಈ ಊರುಗಳಲ್ಲಿ ಪರಸ್ಥಳದವರು ಇನ್ನೂರು ವರ್ಷಗಳಿಂದ ಎಲ್ಲೆಲ್ಲಿ ಮಲಗಿದರು ಎಂದು ಹುಡುಕುತ್ತ ಹೋದರೆ, ಕೋಟೆ ಯಾರದಾಗಿತ್ತು, ಪೇಟೆ ಯಾರದು, ಗುಡಿಯ ಕಟ್ಟೆ ಯಾರದಾಗಿರಲಿಲ್ಲ ಎಂಬುದೆಲ್ಲ ಒಂದೊಂದಾಗಿ ಗೊತ್ತಾಗುತ್ತದೆ.

ಕೋಟೆಯಿಂದಲೇ ಆರಂಭಿಸೋಣ. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಇವತ್ತಿಗೂ ಸ್ನಾನದ ಕೋಣೆ, ನೀರು ಹರಿಯುವ ಕಾಲುವೆ, ಅಡುಗೆಮನೆ, ಊಟದ ಪಡಸಾಲೆ, ಧ್ರುವ ನಕ್ಷತ್ರ ನೋಡಲು ಇಟ್ಟ ಕಿಂಡಿ ಕಾಣುತ್ತವೆ. ಇದು ದೇಸಾಯರ ಮನೆತನ ಬಾಳಿದ ಮನೆ. ಕೋಟೆಗೋಡೆ ಕಟ್ಟಿದ್ದೇ ಹೊರಗಿನವರನ್ನು ಹೊರಗಿಡಲು. ನಮ್ಮ ಕಡೆಯ ಹಳೆಯ ಊರುಗಳಿಗೆಲ್ಲ ಅಗಸಿ ಇತ್ತು, ಕತ್ತಲಾದ ಮೇಲೆ ಅದನ್ನು ಹಾಕುತ್ತಿದ್ದರು. ಹೊತ್ತು ಮೀರಿ ಬಂದವರಿಗೆ ಅಗಸಿಯ ಹೊರಗಿನ ಹನುಮಂತದೇವರ ಕಟ್ಟೆಯೇ ಗತಿ. ಕೋಟೆಯೊಳಗೆ ರಾತ್ರಿ ಕಳೆದ ಪರಸ್ಥಳದವರು ಒಂದೋ ಬೀಗರು, ಇಲ್ಲವೇ ಸೆರೆಯಾಳುಗಳು.

ಎರಡನೆಯ ಬಗೆಯವರ ದಾಖಲೆ ಚೆನ್ನಾಗಿ ಉಳಿದಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಬಾಗಿಲ ಮುಂದೆ ಸತ್ತ. ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು, ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್, ಸೆರೆ ಸಿಕ್ಕರು. ಡಿಸೆಂಬರ್ ಆರಂಭದಲ್ಲಿ ಬಿಡುಗಡೆಯಾಗುವವರೆಗೆ ಅವರು ಕಿತ್ತೂರಿನವರ ವಶದಲ್ಲಿದ್ದರು, ಅವರ ಜೀವಕ್ಕೆ ಕುಂದು ಬರಲಿಲ್ಲ. ಇದೇ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ, ರಟ್ಟರ, ಕದಂಬರ ಚರಿತ್ರೆ ಬರೆಯುವವರು ಅವನ ಸಂಗ್ರಹವನ್ನು ಇಂದಿಗೂ ನೆನೆಯುತ್ತಾರೆ. ನಮ್ಮ ಶಾಸನ ಅಧ್ಯಯನದ ಹಿರಿಯರಲ್ಲೊಬ್ಬ ಈ ಸೀಮೆಯಲ್ಲಿ ಒಂದು ತಿಂಗಳಿಗೂ ಮಿಕ್ಕಿ ತಂಗಿದ್ದು ಒತ್ತೆಯಾಳಾಗಿ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಡಿಸೆಂಬರಿನಲ್ಲಿ ಪಾತ್ರ ಅದಲುಬದಲಾಯಿತು. ಕಿತ್ತೂರು ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಗೆ ಒಯ್ದರು. 1829ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ಆಕೆ ಅಲ್ಲಿದ್ದರು. ನಾವು ಲಾವಣಿಯಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಕೇಳುವುದು ಯುದ್ಧದ ದಿನಗಳನ್ನು. ಆ ನಾಲ್ಕು ವರ್ಷಗಳ ರಾತ್ರಿಗಳ ಬಗ್ಗೆ ಮಾತು ಕಡಿಮೆ. ಬೈಲಹೊಂಗಲದಲ್ಲಿ ಒಂದು ಸಂಜೆ ಉಳಿದು, ಪೇಟೆಯ ಗದ್ದಲ ಇಳಿದ ಮೇಲೆ ಸಮಾಧಿಯ ಕಡೆ ನಡೆದುಹೋದವರಿಗೆ ಕಿತ್ತೂರು ಇಲ್ಲಿಂದ ಎಷ್ಟು ಹತ್ತಿರ ಎಂಬುದು ಹೊಳೆಯುತ್ತದೆ. ತಾಸೊಪ್ಪತ್ತಿನ ದಾರಿ. ಆಕೆಗೆ ಮಾತ್ರ ಆ ದಾರಿ ಮತ್ತೆ ತೆರೆಯಲಿಲ್ಲ. ಹಗಲು ಹೊತ್ತು ಬಂದು ಹೋಗುವವರಿಗೆ ಇದು ಎರಡು ಬೇರೆ ಬೇರೆ ‘ನೋಡುವ ಸ್ಥಳ’ಗಳಷ್ಟೇ.

ಮೂರನೆಯ ರಾತ್ರಿ ರಾಮದುರ್ಗದ ಕಡೆಯದು. ನರಗುಂದ ಮತ್ತು ರಾಮದುರ್ಗ ಭಾವೆ ಮನೆತನದ ಎರಡು ಕವಲುಗಳ ಸಂಸ್ಥಾನಗಳು. 1858ರ ಮೇ ಕೊನೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಣ್ಣ ಕಾವಲು ಪಡೆಯೊಂದಿಗೆ ರಾಮದುರ್ಗಕ್ಕೆ ಬಂದ. ನರಗುಂದದ ಬಾಬಾಸಾಹೇಬನ ಮೇಲೆ ಅವನಿಗೆ ಅನುಮಾನ. ರಾಮದುರ್ಗದ ಅರಸ ಬಾಬಾಸಾಹೇಬನ ಮಲಸಹೋದರನಾದರೂ ಇಂಗ್ಲಿಷರ ಪಕ್ಷದವ. ಮುಂದೆ ಹೋಗುವುದು ಕ್ಷೇಮವಲ್ಲ ಎಂದು ಅವನು ಎಚ್ಚರಿಸಿದ. ಮ್ಯಾನ್ಸನ್ ಕೋಟೆಯ ಊರು ಬಿಟ್ಟು ಸುರೇಬಾನಕ್ಕೆ ಬಂದು ರಾತ್ರಿಗೆ ಬೀಡುಬಿಟ್ಟ. ಮೇ 29ರ ರಾತ್ರಿ ಅಲ್ಲಿಯೇ ಕೊಲೆಯಾದ. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಂದು ಸಂಸ್ಥಾನದ ಅಳಿವು ಉಳಿವು ಅಧಿಕಾರಿಯೊಬ್ಬ ಎಲ್ಲಿ ತಂಗಿದ ಎಂಬುದಕ್ಕೂ ತಳುಕು ಹಾಕಿಕೊಂಡಿತ್ತು. ನರಗುಂದ ಇಂಗ್ಲಿಷರ ಪಾಲಾಯಿತು, ರಾಮದುರ್ಗ 1948ರವರೆಗೆ ಸಂಸ್ಥಾನವಾಗಿ ಉಳಿಯಿತು.

ಇವೆಲ್ಲ ದೊಡ್ಡವರ ರಾತ್ರಿಗಳು. ಸಾಮಾನ್ಯರದು ಬೇರೆ. ನೇಯ್ಗೆಯವರು, ಹತ್ತಿ ವ್ಯಾಪಾರಿಗಳು, ಎತ್ತು ಕೊಳ್ಳಲು ಬಂದ ರೈತರು, ಜಾತ್ರೆಯ ಜನ ಕೋಟೆಯ ಹಂಗಿಲ್ಲದೆ ಮಲಗಿದರು. ಅವರಿಗೆ ಗುಡಿಯ ಪೌಳಿ, ಊರ ಚಾವಡಿ, ಧರ್ಮಶಾಲೆ, ಮಠ ಇದ್ದವು. ಗುಡಿಗೆ ದತ್ತಿ ಬಿಡುವಾಗ ತಪೋಧನರ ಆಹಾರದಾನಕ್ಕೆ ಎಂದು ಭೂಮಿ ಬಿಡುವುದು ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು. ಸುಗಂಧವರ್ತಿ ಎಂದು ಕರೆಸಿಕೊಂಡು ರಟ್ಟರ ರಾಜಧಾನಿಯಾಗಿದ್ದ ಸವದತ್ತಿ ಆ ಲೋಕಕ್ಕೇ ಸೇರಿದ್ದು. ಅನಂತರ ಮಠಗಳ ದಾಸೋಹ ಈ ಸೀಮೆಯ ನಿಜವಾದ ಅಗ್ಗದ ವಸತಿಯಾಯಿತು. ಕಿತ್ತೂರಿನ ಕಲ್ಮಠ ಸಂಸ್ಥಾನದ ರಾಜಗುರುಗಳ ಮಠ. ಕೋಟೆ ಹಾಳಾದ ಮೇಲೂ ಮಠ ಉಳಿಯಿತು.

ಸವದತ್ತಿಯಲ್ಲಿ ಇನ್ನೊಂದು ಸೋಜಿಗವಿದೆ. ಪೇಟೆಯೊಳಗಿನ ಕೋಟೆ ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿ ದೇಸಾಯರು ಕಟ್ಟಿಸಿದ್ದು. ಒಳಗೆ ಕಾಡಸಿದ್ಧೇಶ್ವರನ ಗುಡಿ, ಜನ ವಿರಳ. ಕೆಲವೇ ಮೈಲಿ ಆಚೆಗಿನ ಎಲ್ಲಮ್ಮನ ಗುಡ್ಡದಲ್ಲಿ ಮಾತ್ರ ಹುಣ್ಣಿಮೆಯೆಂದರೆ ಜನಸಾಗರ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬರುವ ಮಂದಿ ಕೋಣೆ ಕೇಳುವುದಿಲ್ಲ. ಕೊಲ್ಹಾರಿ ಬಂಡಿಯೇ ಮನೆ, ಈಗ ಟ್ರ್ಯಾಕ್ಟರಿನ ಟ್ರೇಲರು. ಮೂರು ಕಲ್ಲು ಹೂಡಿ ಹೋಳಿಗೆ, ಕಡಬು ಬೇಯಿಸಿ, ಪಡ್ಡಲಗಿ ತುಂಬಿಸಿ, ತಾಡಪತ್ರಿಯ ಕೆಳಗೆ ಮಲಗಿ ಎದ್ದು ಹೋಗುತ್ತಾರೆ. ನಮ್ಮ ನಾಡಿನ ಅತಿ ದೊಡ್ಡ ಅಗ್ಗದ ವಸತಿ ವ್ಯವಸ್ಥೆಗೆ ಗೋಡೆಯೂ ಇಲ್ಲ, ಬೀಗವೂ ಇಲ್ಲ. ಅದರ ಕಷ್ಟವೂ ಸಣ್ಣದಲ್ಲ. ನೀರು, ಶೌಚ, ಹೆಂಗಸರ ಸ್ನಾನದ ಮರೆ ಯಾವುದೂ ಸಾಲುವುದಿಲ್ಲ. ಆದರೂ ಬಡವರು ದುಡ್ಡಿಲ್ಲದೆ ಉಳಿಯಬಲ್ಲ ಜಾಗ ಅದು.

ಹಾಗೆಂದು ಹಳೆಯ ಆತಿಥ್ಯವನ್ನು ಹೊಗಳಿ ಕೂರುವಂತಿಲ್ಲ. ಕಂಪನಿ ಸರ್ಕಾರ ಬಂದಮೇಲೆ ಬಂಗಲೆ ಬಂತು. ಮುಂಬೈ ಪ್ರಾಂತ್ಯದ ಜಿಲ್ಲಾ ಗೆಜೆಟಿಯರುಗಳನ್ನು ತೆರೆದರೆ ವಸತಿಯ ಭಾಗದಲ್ಲಿ ಬಿಳಿಯ ಅಧಿಕಾರಿಗಳ ಬಂಗಲೆ ಬೇರೆ, ‘ನೇಟಿವ್’ ಪ್ರಯಾಣಿಕರ ಧರ್ಮಶಾಲೆ ಬೇರೆ. ಆ ಧರ್ಮಶಾಲೆಯೊಳಗೂ ಜಾತಿಯ ಗೆರೆ ಇತ್ತು. ಅಂಬೇಡ್ಕರರ ಬದುಕಿನ ಎರಡು ಘಟನೆಗಳು ಇಲ್ಲಿ ನೆನಪಾಗಬೇಕು. ಹೊರದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರಲು ಮನೆ ಸಿಗಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ಜಾತಿ ಮರೆಸಿ ಇದ್ದರು, ಕೆಲವೇ ದಿನಗಳಲ್ಲಿ ಬಡಿಗೆ ಹಿಡಿದವರು ಬಂದು ಹೊರಹಾಕಿದರು. 1934ರಲ್ಲಿ ಸಂಗಡಿಗರೊಡನೆ ದೌಲತಾಬಾದ್ ಕೋಟೆ ನೋಡಲು ಹೋದಾಗ ಬಾಗಿಲ ಬಳಿಯ ಕೊಳದ ನೀರು ಮುಟ್ಟಿದ್ದಕ್ಕೆ ಗದ್ದಲವಾಯಿತು. ಚಾರಿತ್ರಿಕ ಸ್ಥಳವೊಂದನ್ನು ನೋಡುವ ಹಕ್ಕು ಎಂದರೆ ಅಲ್ಲಿ ಕೈಕಾಲು ತೊಳೆಯುವ, ಕೂರುವ, ಮಲಗುವ ಹಕ್ಕೂ ಹೌದು. ಸೂರಿನ ಬೆಲೆ ರೂಪಾಯಿಯಲ್ಲಷ್ಟೇ ಇರುವುದಿಲ್ಲ.

ಲಾಡ್ಜು ಎಂಬ ಹೊಸ ವ್ಯವಸ್ಥೆಯ ಹೆಚ್ಚುಗಾರಿಕೆ ಇದೇ ಆಗಿತ್ತು. ದುಡ್ಡು ಕೊಟ್ಟವರಿಗೆ ಕೋಣೆ, ಕುಲ ಕೇಳುವುದಿಲ್ಲ ಎಂಬ ಭರವಸೆ. ಆದರೆ ಲಾಡ್ಜುಗಳು ಹುಟ್ಟಿದ್ದು ರೈಲು ಬಂದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಜೋಡಿಸಿತು. ನಮ್ಮ ನಾಲ್ಕು ಕೋಟೆಯೂರುಗಳೂ ಹಳಿಯಿಂದ ಹೊರಗುಳಿದವು. ಸ್ಟೇಶನ್ ಇಲ್ಲದ ಊರಿನಲ್ಲಿ ಸ್ಟೇಶನ್ ಎದುರಿನ ಖಾನಾವಳಿ, ವಸತಿಗೃಹ ಹುಟ್ಟುವುದು ಹೇಗೆ? ಬಸ್‌ಸ್ಟ್ಯಾಂಡಿನ ಬಳಿ ಒಂದೆರಡು ಲಾಡ್ಜು, ಸರ್ಕಾರಿ ಪ್ರವಾಸಿ ಮಂದಿರ, ಗುಡ್ಡದ ಮೇಲೆ ಯಾತ್ರಿಕರ ಕೋಣೆಗಳು, ಇಷ್ಟಕ್ಕೇ ನಿಂತಿತು. ಕೋಟೆ ಇರುವ ಊರು ಹಗಲಿನ ಊರಾಯಿತು, ರಾತ್ರಿಯ ವ್ಯಾಪಾರ ಧಾರವಾಡ, ಬೆಳಗಾವಿಗಳ ಪಾಲಾಯಿತು.

ಲಾಡ್ಜಿನ ಭರವಸೆಯೂ ಎಲ್ಲರಿಗಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ತಿರುಗಬಹುದು. ಧಾರವಾಡದಿಂದ ರಾಮದುರ್ಗದವರೆಗೆ ನನಗೆ ಖರ್ಚಿಲ್ಲ. ಆದರೆ ಕ್ಷೇತ್ರಕಾರ್ಯಕ್ಕೆಂದು ಈ ಸೀಮೆಯಲ್ಲಿ ತಿರುಗುವಾಗ ಒಂದು ಲಾಡ್ಜಿನ ಮೇಜಿನ ಹಿಂದಿದ್ದವರು ಆಧಾರ್ ಕಾರ್ಡು, ವಿಶ್ವವಿದ್ಯಾಲಯದ ಪತ್ರ ಎರಡನ್ನೂ ನೋಡಿ ಕೇಳಿದ್ದು ಒಂದೇ ಮಾತು: “ಜೋಡಿ ಯಾರ್ ಬಂದಾರ್ರೀ ಮೇಡಂ? ಒಬ್ರಿಗೇ ಕೋಲಿ ಕೊಡೂದಿಲ್ರಿ.” ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ, “ಹೊತ್ತ ಮುಣಗೇತಿ, ಈಗ ಎಲ್ಲಿ ಹೊಕ್ಕಿ ತಂಗಿ? ನಮ್ಮನ್ಯಾಗ ಮಲ್ಕೋ ಬಾ” ಎಂದರು. ಚಾವಡಿ, ಮಠ, ಧರ್ಮಶಾಲೆಗಳ ಉದ್ದಕ್ಕೂ ಹರಿದುಬಂದ ಆತಿಥ್ಯ ಇನ್ನೂ ಬತ್ತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಸಂಶೋಧಕಿಯ ಕೆಲಸ ಯಾರದೋ ಕರುಣೆಯ ಮೇಲೆ ನಿಲ್ಲಬಾರದು. ಬಸ್ಸು ಬಿಟ್ಟಿ, ಕೋಣೆ ಇಲ್ಲ ಎಂದರೆ ಸಂಜೆಯ ಬಸ್ಸಿಗೆ ಮನೆ ಸೇರಬೇಕೆಂದೇ ಅರ್ಥ. ಹಾಗಾದಾಗ ಊರಿನ ಚರಿತ್ರೆಯನ್ನು ರಾತ್ರಿ ಉಳಿಯಬಲ್ಲವರೇ ಬರೆಯುತ್ತಾರೆ.

ಹಾಗಿದ್ದರೆ ಕೋಟೆಯೊಳಗೇ ಹೋಟೆಲು ಕಟ್ಟೋಣವೇ? ರಾಜಸ್ಥಾನದ ಜೈಸಲ್ಮೇರ್ ಇದಕ್ಕೆ ಉತ್ತರ ಹೇಳುತ್ತದೆ. ಅದು ಇಂದಿಗೂ ಜನ ವಾಸಿಸುವ ಕೋಟೆ. ಪ್ರವಾಸಿಗರು ಹೆಚ್ಚಿದಂತೆ ಒಳಗೆ ಅಗ್ಗದ ವಸತಿಗೃಹಗಳು ತುಂಬಿದವು. ಮರುಭೂಮಿಯ ಊರಿಗಾಗಿ ಮಾಡಿದ ಹಳೆಯ ಚರಂಡಿಗೆ ಅಷ್ಟು ನೀರು ಹೊರುವ ಶಕ್ತಿ ಇರಲಿಲ್ಲ. ನೀರು ತಳಕ್ಕೆ ಇಂಗಿ ಬುರುಜುಗಳೇ ಕುಸಿಯತೊಡಗಿದವು. ಕಿತ್ತೂರಿನ ಮಣ್ಣು ಕಲ್ಲಿನ ಗೋಡೆಗಳಿಗೆ ಆ ಪರೀಕ್ಷೆ ಬೇಡ. ಪರಸ್ಥಳದವರು ಮಲಗುವ ಜಾಗ ಮೊದಲಿನಿಂದಲೂ ಪೇಟೆಯೇ, ಈಗಲೂ ಅಲ್ಲಿಯೇ ಇರಲಿ. ಬಳಕೆ ತಪ್ಪಿದ ವಾಡೆಗಳಿವೆ, ಮಠಗಳ ಕೋಣೆಗಳಿವೆ, ಪ್ರವಾಸಿ ಮಂದಿರಗಳಿವೆ. ಪ್ರವಾಸಿ ಮಂದಿರದ ಒಂದೆರಡು ಕೋಣೆಗಳನ್ನು ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟು, ದರವನ್ನು ಬಾಗಿಲಲ್ಲೇ ಬರೆದರೂ ದೊಡ್ಡ ಉಪಕಾರ.

ಇದನ್ನು ಈಗಲೇ ಹೇಳಬೇಕಾದ ಕಾರಣವಿದೆ. ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರ ಸುಮಾರು 100 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಕಿತ್ತೂರಿಗೆ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರವಿದೆ. ಕಟ್ಟಡಗಳು ಏಳುತ್ತವೆ. ಅವುಗಳಲ್ಲಿ ಯಾರು ಮಲಗುತ್ತಾರೆ ಎಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗುತ್ತದೆ. ಬಂಡಿ ಕಟ್ಟಿಕೊಂಡು ಬರುವವರಿಗೆ ಬಯಲು, ನೀರು, ಶೌಚಾಲಯ ಬೇಕು. ಒಂಟಿಯಾಗಿ ಬರುವ ಹುಡುಗಿಗೆ ಪ್ರಶ್ನೆ ಕೇಳದ ಕೋಣೆ ಬೇಕು. ದೇಸಾಯರ ಕುಲದವರೇ ಆದ ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. ಕೋಟೆ ಕಟ್ಟಿಸಿದ ಮನೆತನ ಓದುವವರಿಗೆ ಆಸರೆಯಾದ ನೆಲ ಇದು. ಅಲ್ಲಿಗೆ ಓದಲು ಬಂದವರಿಗೆ ಒಂದು ರಾತ್ರಿಯ ಸೂರು ಕೇಳುವುದು ಹೆಚ್ಚೇನಲ್ಲ.

ಅಲ್ಲಿಯವರೆಗೆ ಹೊರಡುವವರಿಗೆ ಒಂದಿಷ್ಟು ಲೆಕ್ಕ. ಧಾರವಾಡವನ್ನು ನೆಲೆ ಮಾಡಿಕೊಳ್ಳಿ, ಆದರೆ ಎರಡು ರಾತ್ರಿಯಾದರೂ ಹೊರಗೆ ಕಳೆಯಿರಿ, ಒಂದು ಬೈಲಹೊಂಗಲದಲ್ಲಿ, ಇನ್ನೊಂದು ಸವದತ್ತಿಯಲ್ಲಿ. ಕೋಣೆಯನ್ನು ಮೊದಲೇ ವಿಚಾರಿಸಿ, ಗುರುತಿನ ಚೀಟಿಯ ಜೊತೆ ಕಾಲೇಜಿನ ಪತ್ರ ಇರಲಿ. ಗುಡ್ಡಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ಕೋಣೆ ಸಿಗುವುದು ಸಲೀಸು. ಜನರನ್ನೇ ನೋಡಬೇಕೆಂದರೆ ಹುಣ್ಣಿಮೆಗೇ ಹೋಗಿ, ಹಾಸಿಗೆ ಒಯ್ಯಿರಿ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಆಗ ಸುತ್ತಲ ಕೋಣೆಗಳೆಲ್ಲ ಭರ್ತಿ. ರಾಮದುರ್ಗಕ್ಕೆ ಬೆಳಗಿನ ಬಸ್ಸು ಹಿಡಿದರೆ ಸುರೇಬಾನವನ್ನೂ, ಕೋಟೆಗೋಡೆಯೊಳಗೆ ಇಂದಿಗೂ ಜನ ಬಾಳುತ್ತಿರುವ ತೊರಗಲ್ಲನ್ನೂ, ಅಲ್ಲಿಯ ಭೂತನಾಥನ ಗುಡಿಯನ್ನೂ ಒಂದೇ ದಿನದಲ್ಲಿ ನೋಡಬಹುದು. ಊಟಕ್ಕೆ ಖಾನಾವಳಿ ಹುಡುಕಿ. ರೊಟ್ಟಿ, ಪಲ್ಯದ ಜೊತೆ ಊರಿನ ಸುದ್ದಿಯೂ ಸಿಗುತ್ತದೆ.